ಒದ್ದೆ ಮಾಲು ತೂಗದವರು

ಮಣ್ಣು ಪರೀಕ್ಷೆ ಮಾಡುವ ನಮ್ಮ ಪ್ರಯೋಗಾಲಯದಲ್ಲಿ ಒಂದು ಸೂಕ್ಷ್ಮ ತಕ್ಕಡಿ ಇದೆ. ಗಾಜಿನ ಪೆಟ್ಟಿಗೆಯೊಳಗೆ ಕೂತು ಗ್ರಾಮಿನ ಸಾವಿರದಲ್ಲೊಂದು ಪಾಲನ್ನೂ ಹೇಳುತ್ತದೆ. ವರ್ಷಕ್ಕೆರಡು ಸಲ ಅದನ್ನು ಸರಿನೋಡಲು ಬರುವವರು ಮುಳ್ಳಣ್ಣ. ತಕ್ಕಡಿಯ ಮುಳ್ಳು ನಿಲ್ಲುವವರೆಗೆ ಉಸಿರು ಬಿಗಿಹಿಡಿದು ನೋಡುವುದರಿಂದ ಆ ಹೆಸರು ಬಂತೆಂದು ಅವರು ಹೇಳುತ್ತಾರೆ. ಮಾತು ಚುಚ್ಚುತ್ತದೆ ಎಂಬ ಕಾರಣಕ್ಕೆ ಬಂತೆಂದು ಅವರ ಹೆಂಡತಿ ಹೇಳುತ್ತಾರೆ.

ಹೋದ ವರ್ಷ ಒಂದು ಬೆಳಗ್ಗೆ ಅವರು ಬಂದಾಗ ಕೈಯಲ್ಲಿ ಉಪಕರಣದ ಪೆಟ್ಟಿಗೆ ಇರಲಿಲ್ಲ. ಒಂದು ಕೈಯಿಂದ ಹೊಟ್ಟೆ ಹಿಡಿದುಕೊಂಡು ಮೆಲ್ಲಗೆ ನಡೆದು ಬಂದರು. ಇನ್ನೊಂದು ಕೈಯಲ್ಲಿ ಔಷಧಿಯ ಸಣ್ಣ ಬಾಟಲಿ.

"ಇದನ್ನೊಂದು ತೂಗಿಕೊಡಿ" ಅಂದರು.

ಬಾಟಲಿಯೊಳಗೆ ಕಂದು ಬಣ್ಣದ, ಗೋಲಿಗಿಂತ ತುಸು ದೊಡ್ಡ ಕಲ್ಲು. ಹತ್ತು ದಿನದ ಹಿಂದೆ ಅವರ ಪಿತ್ತಕೋಶವನ್ನು ತೆಗೆದಾಗ ಅದರೊಳಗಿದ್ದದ್ದು. ಎರಡು ಪಾಯಿಂಟ್ ಮೂರು ಒಂದು ಎಂಟು ಗ್ರಾಂ ಬಂತು. ಅವರು ಆ ಅಂಕಿಯನ್ನು ಎರಡು ಸಲ ಓದಿದರು.

"ಒಂದೇ ಕಲ್ಲಾ?" ಎಂದು ಕೇಳಿದೆ.

"ಒಂದೇ. ಆದ್ರೆ ಗಟ್ಟಿ." ಬಾಟಲಿಯ ಮುಚ್ಚಳ ತಿರುಗಿಸುತ್ತ, "ಅವನದ್ದು ಹದಿನೇಳಂತೆ. ಎಲ್ಲಾ ಸೇರಿಸಿ ತೂಗಿದ್ರೆ ಎಷ್ಟಾಗ್ತಿತ್ತೋ" ಅಂದರು.

"ಯಾರದ್ದು?"

"ಇನ್ಯಾರದ್ದು."

ಆ 'ಇನ್ಯಾರು' ಅವರ ಷಡ್ಡಕ, ಅಂದರೆ ಹೆಂಡತಿಯ ತಂಗಿಯ ಗಂಡ. ಇಬ್ಬರೂ ಒಂದೇ ಅಂಗಡಿಯಲ್ಲಿ ಎದುರುಬದುರು ಮೇಜಿನಲ್ಲಿ ಕೆಲಸ ಮಾಡುತ್ತಾರೆ. ತಕ್ಕಡಿ ರಿಪೇರಿಯ ಆ ಅಂಗಡಿ ಅವರ ಮಾವನದ್ದು. ಮಾವ ತೀರಿಕೊಂಡ ಮೇಲೆ ಇಬ್ಬರು ಅಳಿಯಂದಿರೂ ಅದನ್ನು ನಡೆಸುತ್ತಿದ್ದಾರೆ. ಮುಳ್ಳಣ್ಣನ ಮೇಜಿನ ಮೇಲೆ ದಂಡಿಗೆ ತಕ್ಕಡಿಗಳು, ಹಿತ್ತಾಳೆಯ ತೂಕದ ಬಟ್ಟುಗಳು, ಎಣ್ಣೆಯ ಸೀಸೆ, ಚರ್ಮದ ತುಂಡು. ಷಡ್ಡಕನ ಮೇಜಿನ ಮೇಲೆ ಎಲೆಕ್ಟ್ರಾನಿಕ್ ತಕ್ಕಡಿಗಳು, ವೈರು, ಬೆಸುಗೆಯ ಕಡ್ಡಿ. ಹನ್ನೊಂದು ವರ್ಷದ ಹಿಂದೆ ಷಡ್ಡಕ ಬಂದಾಗ ಅಂಗಡಿಯ ಮೂಲೆಯಲ್ಲಿ ಅವನಿಗೆ ಒಂದು ಸ್ಟೂಲು ಕೊಟ್ಟಿದ್ದರು. ಈಗ ಅಂಗಡಿಗೆ ಬರುವ ಹತ್ತು ಜನರಲ್ಲಿ ಎಂಟು ಜನ ಅವನ ಮೇಜಿನ ಕಡೆಗೆ ತಿರುಗುತ್ತಾರೆ. ಮುಳ್ಳಣ್ಣ ಇದನ್ನು ಎಣಿಸಿಟ್ಟಿದ್ದಾರೆ.

ಷಡ್ಡಕ ಕೆಟ್ಟವನಲ್ಲ. ಅದೇ ಮುಳ್ಳಣ್ಣನ ಕಷ್ಟ. ಕೆಟ್ಟವನಾಗಿದ್ದರೆ ಬಾಯಿತುಂಬ ಬೈಯಬಹುದಿತ್ತು. ಅವನು ನಗುತ್ತಾನೆ, "ಅಣ್ಣ" ಎನ್ನುತ್ತಾನೆ, ಬಾಗಿಲು ತೆರೆದು ಮೊದಲು ದೊಡ್ಡವರನ್ನು ಒಳಗೆ ಬಿಡುತ್ತಾನೆ. ಹಲ್ಲು ಚೆನ್ನಾಗಿವೆ. ಐವತ್ತಮೂರು ವರ್ಷದ ಮನುಷ್ಯ ನಲವತ್ತು ದಾಟಿದವನ ಹಲ್ಲಿನ ಮೇಲೆ ಹೊಟ್ಟೆಕಿಚ್ಚುಪಡುವುದು ವಿಚಿತ್ರವೆನಿಸಬಹುದು. ಆದರೆ ಪಿತ್ತಕೋಶದ ವಿಷಯ ಬರುವ ಮೊದಲೇ ಇದೆಲ್ಲ ಇತ್ತು.

ಕಲ್ಲು ಮೊದಲು ಕಾಣಿಸಿಕೊಂಡದ್ದು ಷಡ್ಡಕನಿಗೆ. ಮುಳ್ಳಣ್ಣನಿಗಿಂತ ಮೂರು ತಿಂಗಳು ಮೊದಲೇ ಅವನಿಗೆ ಆಪರೇಷನ್ ಆಗಿತ್ತು. ಹೊಟ್ಟೆಯ ಮೇಲೆ ನಾಲ್ಕು ಸಣ್ಣ ತೂತು, ಮರುದಿನವೇ ಮನೆಗೆ. ಹದಿನೇಳು ಕಲ್ಲುಗಳನ್ನು ಬಾಟಲಿಯಲ್ಲಿ ಹಾಕಿ ಟೀವಿಯ ಪಕ್ಕದಲ್ಲಿಟ್ಟ. ಬಂದ ನೆಂಟರೆಲ್ಲ ಅದನ್ನು ಎತ್ತಿ ಅಲುಗಾಡಿಸಿ ನೋಡಿದರು. ಹನ್ನೆರಡನೇ ದಿನ ಅಂಗಡಿಗೆ ಬಂದಾಗ ಅವನ ಕೈಯಲ್ಲಿ ಅರ್ಧ ತಿಂದ ಸೇಬು ಇತ್ತು, ಸಿಪ್ಪೆ ಸಮೇತ.

ಆಮೇಲೆ ಮುಳ್ಳಣ್ಣನಿಗೂ ಬಲಪಕ್ಕೆಯಲ್ಲಿ ನೋವು ಬಂತು. ಸ್ಕ್ಯಾನ್ ಮಾಡಿಸಿದರು. ವಿಷಯ ತಿಳಿದು ಷಡ್ಡಕ ಓಡಿ ಬಂದ.

"ಅಣ್ಣ, ನಿಮಗೂ ಬಂತಾ?"

ಕನಿಕರದಿಂದ ಕೇಳಿದ ಮಾತು ಅದು. ಮುಳ್ಳಣ್ಣನ ಕಿವಿಗೆ ಮಾತ್ರ ಆ 'ನಿಮಗೂ' ಕಲ್ಲಿಗಿಂತ ಗಟ್ಟಿಯಾಗಿ ಕೇಳಿಸಿತು. ರೋಗದಲ್ಲೂ ತಾನು ಎರಡನೆಯವನಾದೆ ಎಂದುಕೊಂಡರು. ಅದೂ ಒಂದೇ ಕಲ್ಲಿಟ್ಟುಕೊಂಡು.

ಇಷ್ಟೇ ಆಗಿದ್ದರೆ ಒಳಗೊಳಗೇ ಕುದ್ದು ತಣ್ಣಗಾಗುತ್ತಿದ್ದರು. ಆದರೆ ಅವರ ಆಪರೇಷನ್ ಆದ ದಿನದಿಂದ ಸರಿಯಾಗಿ ನಲವತ್ತನಾಲ್ಕನೇ ದಿನಕ್ಕೆ ಧಾನ್ಯದ ಗೋದಾಮಿನ ವೇಬ್ರಿಡ್ಜ್ ಪರೀಕ್ಷೆ ನಿಗದಿಯಾಗಿತ್ತು. ತುಂಬಿದ ಲಾರಿಯನ್ನೇ ಮೇಲೆ ನಿಲ್ಲಿಸಿ ತೂಗುವ ಹಳೆಯ ಕಬ್ಬಿಣದ ತಕ್ಕಡಿ ಅದು. ಹಲಗೆಯ ಕೆಳಗೆ ಆಳುದ್ದದ ಹೊಂಡ. ಹೊಂಡದೊಳಗೆ ಸನ್ನೆಕೋಲುಗಳು, ಅವು ಕೂತಿರುವ ಉಕ್ಕಿನ ಅಲಗುಗಳು. ವರ್ಷಕ್ಕೊಮ್ಮೆ ಒಬ್ಬರು ಏಣಿ ಹಾಕಿ ಕೆಳಗಿಳಿದು ಅವನ್ನೆಲ್ಲ ನೋಡಬೇಕು. ಮೇಲೆ ಒಂದೊಂದು ಮೂಲೆಯಲ್ಲೂ ಇಪ್ಪತ್ತು ಕೆಜಿಯ ಬಟ್ಟುಗಳನ್ನು ಪೇರಿಸಿ ನಾಲ್ಕು ಮೂಲೆಯೂ ಒಂದೇ ತೂಕ ಹೇಳುತ್ತವೆಯೇ ಎಂದು ಪರೀಕ್ಷಿಸಬೇಕು. ಹತ್ತೊಂಬತ್ತು ವರ್ಷದಿಂದ ಆ ಹೊಂಡಕ್ಕೆ ಇಳಿದವರು ಮುಳ್ಳಣ್ಣ ಒಬ್ಬರೇ. ಷಡ್ಡಕನ ವೈರುಗಳಿಗೆ ಅಲ್ಲಿ ಕೆಲಸವಿಲ್ಲ. ಜಗತ್ತಿನಲ್ಲಿ ಪೂರ್ತಿ ತನ್ನದೇ ಎಂದು ಉಳಿದಿದ್ದ ಒಂದು ದಿನ ಅದು.

ಆಸ್ಪತ್ರೆಯಿಂದ ಬಂದ ಐದನೇ ದಿನ ಗೋದಾಮಿನ ಮ್ಯಾನೇಜರು ಅಂಗಡಿಗೆ ಫೋನ್ ಮಾಡಿದರು. ಎತ್ತಿಕೊಂಡವನು ಷಡ್ಡಕ. "ಅಣ್ಣ ಸುಧಾರಿಸ್ಕೊಳ್ತಿದ್ದಾರೆ. ಆಗ್ಲಿಲ್ಲ ಅಂದ್ರೆ ನಾನಿದ್ದೀನಿ ಬಿಡಿ" ಎಂದಿದ್ದನಂತೆ. ಅದನ್ನು ಅವನ ಹೆಂಡತಿ ಅಕ್ಕನಿಗೆ ಹೇಳಿ, ಅಕ್ಕ ಗಂಡನಿಗೆ ಹೇಳಿದಾಗ ಮುಳ್ಳಣ್ಣ ಗಂಜಿ ಕುಡಿಯುತ್ತಿದ್ದರು. ಲೋಟ ಕೆಳಗಿಟ್ಟರು.

"ನಾನಿದ್ದೀನಿ ಅಂತಾನಾ? ನಾನೇನು ಹೋಗಿಬಿಟ್ನಾ?"

"ರೀ, ಪಿತ್ತಕೋಶ ತೆಗೆಸಿದ್ರೂ ನಿಮಗೆ ಪಿತ್ತ ನೆತ್ತಿಗೇರೋದು ನಿಲ್ಲಲಿಲ್ವಲ್ಲ" ಅಂದರು ಹೆಂಡತಿ. "ಒಳ್ಳೇದಕ್ಕೇ ಹೇಳಿದ್ದಾನೆ ಪಾಪ."

"ಪಾಪ ಅಂತೆ. ಅವನು ಹನ್ನೆರಡನೇ ದಿನಕ್ಕೆ ಸೇಬು ಕಚ್ಕೊಂಡು ಬಂದಿದ್ದ. ನನಗೆ ಬೆಲ್ಟು ಹಾಕೋಕಾಗ್ತಿಲ್ಲ."

ಹದಿಮೂರನೇ ದಿನ ಅವರು ಡಾಕ್ಟರಮ್ಮನ ಹತ್ತಿರ ಹೋದರು. ಡಾಕ್ಟರಮ್ಮ ಗಾಯ ನೋಡಿ, ಆರು ವಾರ ಭಾರ ಎತ್ತಬಾರದು ಎಂದರು. ಆರು ವಾರ ಅಂದರೆ ನಲವತ್ತೆರಡು ದಿನ. ನಲವತ್ತನಾಲ್ಕಕ್ಕೆ ಎರಡು ದಿನ ಉಳಿಯುತ್ತದೆ ಎಂದು ಮುಳ್ಳಣ್ಣ ಮನಸ್ಸಿನಲ್ಲೇ ಕಳೆದುಕೊಂಡರು. ಆಮೇಲೆ ಊಟದ ಮಾತು ಬಂತು.

"ಮೊದಲು ಪಿತ್ತರಸ ಚೀಲದಲ್ಲಿ ಕೂಡಿಟ್ಟು ಊಟಕ್ಕೆ ತಕ್ಕ ಹಾಗೆ ಬರ್ತಿತ್ತು. ಈಗ ಕೂಡಿಡೋಕೆ ಚೀಲ ಇಲ್ಲ. ಸದಾ ಹನಿಹನಿಯಾಗಿ ಕರುಳಿಗೆ ಇಳೀತಿರುತ್ತೆ. ಅದಕ್ಕೇ ಕೆಲವರಿಗೆ ಸ್ವಲ್ಪ ದಿನ ಭೇದಿ ಆಗೋದು. ಎಣ್ಣೆ, ಬೆಣ್ಣೆ ಕಮ್ಮಿ ಮಾಡಿ. ಒಂದೇ ಸಲ ಹೊಟ್ಟೆ ಬಿರಿಯೋ ಹಾಗೆ ತಿನ್ನಬೇಡಿ. ನಾರಿನಂಶ ಇರೋದು ತಿನ್ನಿ. ಓಟ್ಸು, ಕಾಳು, ತರಕಾರಿ, ಹಣ್ಣು. ಆದ್ರೆ ಸ್ವಲ್ಪ ಸ್ವಲ್ಪವಾಗಿ ಏರಿಸ್ಕೊಂಡು ಹೋಗಿ."

"ಸ್ವಲ್ಪ ಅಂದ್ರೆ ಎಷ್ಟು ಗ್ರಾಂ?"

ಡಾಕ್ಟರಮ್ಮ ನಕ್ಕರು. "ನಿಮ್ಮ ಹೊಟ್ಟೆ ತಡ್ಕೊಳ್ಳೋ ಅಷ್ಟು. ಅದೇ ಹೇಳುತ್ತೆ."

ಮುಳ್ಳಣ್ಣನಿಗೆ ಆ ಉತ್ತರ ಒಂದಿಷ್ಟೂ ಹಿಡಿಸಲಿಲ್ಲ. ಮೂವತ್ತು ವರ್ಷ ಜನರ ಅಂದಾಜನ್ನು ಅಂಕಿಯಾಗಿಸುವ ಕೆಲಸ ಮಾಡಿದವರು. 'ಸ್ವಲ್ಪ' ಎಂಬ ತೂಕದ ಬಟ್ಟು ಅವರ ಪೆಟ್ಟಿಗೆಯಲ್ಲಿ ಇರಲಿಲ್ಲ.

ಮರುದಿನ ಅವರು ಹೆಂಡತಿಯ ಜೊತೆ ಷಡ್ಡಕನ ಮನೆಗೆ ಹೋದರು. ಅವರೇ ಹೊರಡೋಣ ಎಂದದ್ದು ಹೆಂಡತಿಗೆ ಆಶ್ಚರ್ಯ. ಅಕ್ಕತಂಗಿ ಮುಂದಿನ ಕೋಣೆಯಲ್ಲಿ ಮಾತಿಗೆ ಕೂತಾಗ ಮುಳ್ಳಣ್ಣ ನೀರು ಕುಡಿಯುವ ನೆಪದಲ್ಲಿ ಅಡುಗೆಮನೆಗೆ ಹೋದರು. ಅವರು ಹುಡುಕಿದ್ದು ಸಿಕ್ಕಿತು. ಫ್ರಿಜ್ಜಿನ ಬಾಗಿಲ ಮೇಲೆ, ಒಂದು ಹಳದಿ ಕಾಗದದಲ್ಲಿ ನಾದಿನಿಯ ದುಂಡು ಅಕ್ಷರ:

"ಕಾಳು, ದಿನಕ್ಕೆ ಎರಡು ಸಲ. ಮೊದಲನೇ ವಾರ 20 ಗ್ರಾಂ. ಎರಡು, 40. ಮೂರು, 60. ನಾಲ್ಕು, 100."

ಕೆಳಗೆ ಓಟ್ಸು, ಕ್ಯಾರೆಟ್ಟು, ಸೇಬಿನ ಲೆಕ್ಕ. ಮುಳ್ಳಣ್ಣ ಕನ್ನಡಕದ ಡಬ್ಬಿಯಿಂದ ಚೀಟಿ ತೆಗೆದು ಬರೆದುಕೊಳ್ಳತೊಡಗಿದರು. ಕೊನೆಯ ಸಾಲಿಗೆ ಬಂದಾಗ ನಾದಿನಿ ಬಾಗಿಲಲ್ಲಿ ನಿಂತಿದ್ದಳು.

"ಏನು ಭಾವ, ನಮ್ಮ ಫ್ರಿಜ್ಜು ತೂಗ್ತಿದ್ದೀರಾ?"

"ಬಾಗಿಲು ಸ್ವಲ್ಪ ಎಡಕ್ಕೆ ವಾಲಿದೆ" ಅಂದರು ಮುಳ್ಳಣ್ಣ, ಚೀಟಿಯನ್ನು ಡಬ್ಬಿಗೆ ಸೇರಿಸುತ್ತ. ವಾಲಿದ್ದು ನಿಜವೂ ಆಗಿತ್ತು.

ಆ ದಿನದಿಂದ ಅವರ ಮನೆಯಲ್ಲಿ ಹೊಸ ಕ್ರಮ ಶುರುವಾಯಿತು. ಸಂಜೆ ಆರಕ್ಕೆ ಅಡುಗೆಮನೆಯ ಕಿಟಕಿಯ ಪಕ್ಕ ಚಿಕ್ಕ ತಕ್ಕಡಿ ತೂಗುಹಾಕುತ್ತಾರೆ. ಒಂದು ತಟ್ಟೆಗೆ ಹಿತ್ತಾಳೆಯ ಬಟ್ಟು. ಇನ್ನೊಂದಕ್ಕೆ ಬಟಾಣಿಯೋ ಅಲಸಂದೆಯೋ ಹೆಸರುಕಾಳೋ, ಒಣಗಿದ್ದು. ಮುಳ್ಳು ನಡುವೆ ನಿಲ್ಲುವವರೆಗೆ ಕಾಯುತ್ತಾರೆ. ಒಂದು ಕಾಳು ಹೆಚ್ಚಾದರೆ ತೆಗೆಯುತ್ತಾರೆ, ಕಡಿಮೆಯಾದರೆ ಹಾಕುತ್ತಾರೆ. ಆಮೇಲೆ ನೆನೆಹಾಕಿ, ಬೆಳಗ್ಗೆ ಬೇಯಿಸಲು ಹೆಂಡತಿಗೆ ಕೊಡುತ್ತಾರೆ.

ಒಣಗಿದ್ದನ್ನೇ ಯಾಕೆ ತೂಗಿದರು ಎಂದು ನೀವು ಕೇಳಬಹುದು. ನಾವಾದರೆ ತಟ್ಟೆಗೆ ಬಡಿಸಿದ್ದನ್ನು ತೂಗುತ್ತಿದ್ದೆವೋ ಏನೋ. ಮುಳ್ಳಣ್ಣನಿಗೆ ಆ ಪ್ರಶ್ನೆಯೇ ಏಳಲಿಲ್ಲ. ಅಂಗಡಿಗೆ ಸೇರಿದ ಮೊದಲ ದಿನ ಮಾವ ಹೇಳಿಕೊಟ್ಟ ಮೊದಲ ಪಾಠ: ಒದ್ದೆ ಮಾಲು ತೂಗಬೇಡ. "ನೀರಿಗೂ ತೂಕ ಇದೆ ಅಳಿಯಂದ್ರೆ, ಆದ್ರೆ ಅದಕ್ಕೆ ನಿಯತ್ತಿಲ್ಲ. ಈಗ ಇರುತ್ತೆ, ಆಮೇಲೆ ಇರಲ್ಲ" ಎನ್ನುತ್ತಿದ್ದರಂತೆ ಮಾವ. ಗೋದಾಮಿನಲ್ಲೂ ನೆನೆದ ಮೂಟೆಯನ್ನು ಪಕ್ಕಕ್ಕೆ ಸರಿಸಿ, ಒಣಗಿಸಿಯೇ ತೂಗುತ್ತಾರೆ. ಒದ್ದೆಯಾದದ್ದನ್ನು ತೂಗುವವನು ಆ ಕಸುಬಿನಲ್ಲಿ ಕಳ್ಳ. ಬೇಯಿಸಿದ ಕಾಳನ್ನು ತೂಗಿ ಬರೆದಿರಬಹುದು ಎಂದು ಊಹಿಸುವುದೆಂದರೆ ನಾದಿನಿಯ ಮೇಲೆ ಕಳ್ಳತನ ಹೊರಿಸಿದಂತೆಯೇ ಸರಿ.

ಇಲ್ಲಿ ಒಂದು ಲೆಕ್ಕ ಹೇಳಬೇಕು. ನೂರು ಗ್ರಾಂ ಒಣಕಾಳು ನೆಂದು ಬೆಂದರೆ ಸುಮಾರು ಇನ್ನೂರ ನಲವತ್ತು ಗ್ರಾಂ ಆಗುತ್ತದೆ. ಹೆಚ್ಚಾದದ್ದು ನೀರು, ನಿಜ. ಆದರೆ ನಾರಿನಂಶವೆಲ್ಲ ಆ ನೂರರಲ್ಲೇ ಇರುತ್ತದೆ. ಹಾಗಾಗಿ ಬೇಯಿಸಿದ ನೂರು ಗ್ರಾಂ ತಿನ್ನಬೇಕಾದವನು ಒಣಗಿದ ನೂರು ಗ್ರಾಂ ಬೇಯಿಸಿಕೊಂಡು ತಿಂದರೆ, ಅವನ ಕರುಳಿಗೆ ಬೀಳುವ ಕೆಲಸ ಸುಮಾರು ಎರಡೂವರೆ ಪಟ್ಟು.

ಮೊದಲ ಎರಡು ವಾರ ಏನೂ ಆಗಲಿಲ್ಲ. ಪ್ರಮಾಣವೇ ಚಿಕ್ಕದು, ಎರಡೂವರೆ ಪಟ್ಟಾದರೂ ಹೊಟ್ಟೆ ತಡೆದುಕೊಂಡಿತು. ಅಷ್ಟೇ ಅಲ್ಲ, ಮೊದಲಿದ್ದ ಭೇದಿಯೂ ನಿಂತಿತು. ಮುಳ್ಳಣ್ಣ ಬೆಲ್ಟು ಹಾಕಿ ಅಂಗಡಿಗೆ ಹೋಗತೊಡಗಿದರು. ಎದುರು ಮೇಜಿನವನು ಸೇಬು ಕಚ್ಚುವಾಗ ತಾವೂ ಡಬ್ಬಿಯಿಂದ ಕ್ಯಾರೆಟ್ಟು ತೆಗೆದು ಕಚ್ಚಿದರು. ಅವನಿಗಿಂತ ಜೋರಾಗಿ ಶಬ್ದ ಬರುವಂತೆ.

ಮೂರನೇ ವಾರ ಹೊಟ್ಟೆ ಮೃದಂಗವಾಯಿತು. ಮಾತಿನ ನಡುವೆ ಎದ್ದು ಹೊರಗೆ ಹೋಗಿ ಬರಬೇಕಾಗುತ್ತಿತ್ತು. ಗಿರಾಕಿಗಳ ಮುಂದೆ ಕೆಮ್ಮು ಬಂದಂತೆ ನಟಿಸುತ್ತಿದ್ದರು. ನಾಲ್ಕನೇ ವಾರದ ಮೊದಲ ಬೆಳಗ್ಗೆ, ನೂರು ಗ್ರಾಂ ಬಟಾಣಿ ಬೆಂದು ಪಾತ್ರೆಯ ಅಂಚಿಗೆ ಬಂದಿದ್ದನ್ನು ಹೆಂಡತಿ ಅವರ ಮುಂದಿಟ್ಟರು.

"ಇದು ಒಂದು ಹೊತ್ತಿಂದು. ಇನ್ನೊಂದು ಹೊತ್ತಿಗೆ ಇಷ್ಟೇ ಇದೆ. ಮನುಷ್ಯರು ತಿನ್ನೋ ಲೆಕ್ಕಾನಾ ರೀ ಇದು?"

"ಅವನು ತಿಂದಿಲ್ವಾ?"

"ತಂಗೀನ ಒಂದು ಮಾತು ಕೇಳ್ಲಾ?"

"ಕೇಳಿದ್ರೆ ನೋಡು ಮತ್ತೆ. ಅವರ ಮನೆ ಪಟ್ಟಿ ನೋಡಿ ತಿಂತಿದ್ದೀನಿ ಅಂತ ಡಂಗುರ ಸಾರಬೇಕಾ?"

"ಹುಲೀನ ನೋಡಿ ನರಿ ಮೈ ಸುಟ್ಕೊಂಡಿತ್ತಂತೆ" ಎಂದು ಹೆಂಡತಿ ಒಳಗೆ ಹೋದರು.

ಹುಲಿ ಯಾರು, ನರಿ ಯಾರು ಎಂಬುದು ಮುಳ್ಳಣ್ಣನಿಗೆ ಬಟಾಣಿಗಿಂತ ಹೆಚ್ಚು ಚುಚ್ಚಿತು. ಚಮಚ ಎತ್ತಿಕೊಂಡರು. ಆಮೇಲೆ ಅವರು ನನಗೆ ಹೇಳಿದ ಮಾತು: "ಪ್ರತಿ ತುತ್ತಿಗೂ ಅವನೇ ನೆನಪಾಗ್ತಿದ್ದ. ಇಷ್ಟೊಂದು ಹೇಗೆ ತಿಂದ, ತಿಂದು ಹೇಗೆ ನಗ್ತಾ ಇದ್ದ ಅಂತ. ಎಂಥ ಹೊಟ್ಟೆ ಕೊಟ್ಟಿದ್ದಾನೆ ದೇವರು ಅವನಿಗೆ ಅಂತ." ಬೇರೆ ಯಾರದ್ದೇ ಪಟ್ಟಿಯಾಗಿದ್ದರೂ ಇದರಲ್ಲೇನೋ ತಪ್ಪಿದೆ ಎಂದು ಅವರಿಗೆ ಎರಡನೇ ದಿನವೇ ಹೊಳೆಯುತ್ತಿತ್ತು. ತಪ್ಪಿದ ತೂಕ ಕಂಡುಹಿಡಿಯುವುದೇ ಅವರ ಕಸುಬು. ಆದರೆ ಅದು ಷಡ್ಡಕನ ಪಟ್ಟಿ. ಅವನಿಂದ ಆಗುತ್ತದೆ ಎಂದರೆ ಎಂಥದ್ದನ್ನೂ ನಂಬುವ ಸ್ಥಿತಿಗೆ ಅವರು ಬಂದಿದ್ದರು. ಹತ್ತು ದಿನ ಬಿಡದೆ ತಿಂದರು.

ನಲವತ್ತನಾಲ್ಕನೇ ದಿನ ಬೆಳಗ್ಗೆ ಒಂಬತ್ತಕ್ಕೆ ಇಬ್ಬರೂ ಗೋದಾಮಿಗೆ ಹೋದರು. ಇಬ್ಬರು ಯಾಕೆಂದರೆ ಭಾರ ಎತ್ತಲು ಒಬ್ಬ ಇರಲಿ ಎಂದು ಮ್ಯಾನೇಜರು ಹೇಳಿದ್ದರು. ಮುಳ್ಳಣ್ಣ ಅದಕ್ಕೆ ಒಪ್ಪಿದ್ದು ಒಂದು ಷರತ್ತಿನ ಮೇಲೆ: ಹೊಂಡಕ್ಕೆ ಇಳಿಯುವುದು, ಮುಳ್ಳು ಓದುವುದು, ಬರೆಯುವುದು ತಾನು. ಬಟ್ಟು ಹೊರುವುದು ಅವನು.

"ಸರಿ ಅಣ್ಣ. ನಾನು ಕೂಲಿ" ಅಂದ ಷಡ್ಡಕ, ತೋಳು ಮಡಚುತ್ತ.

ಮುಳ್ಳಣ್ಣ ಕಪ್ಪು ರಟ್ಟಿನ ನೋಟ್‌ಬುಕ್ಕನ್ನು ಜೇಬಿಗಿಳಿಸಿ, ಟಾರ್ಚು ಹಿಡಿದು ಏಣಿ ಇಳಿದರು. ಹೊಂಡದಲ್ಲಿ ಗ್ರೀಸಿನ, ತೇವದ, ಹಳೆಯ ಹೊಟ್ಟಿನ ವಾಸನೆ. ಹತ್ತೊಂಬತ್ತು ವರ್ಷದ ಪರಿಚಯದ ವಾಸನೆ. ಮೊದಲನೇ ಅಲಗು ಒರೆಸಿ ನೋಡಿದರು. ಎರಡನೆಯದಕ್ಕೆ ಬಗ್ಗಿದಾಗ ಹೊಟ್ಟೆಯೊಳಗೆ ಯಾರೋ ಬಟ್ಟೆ ಹಿಂಡಿದ ಹಾಗಾಯಿತು.

ಏಣಿ ಹತ್ತಿ ಹೊರಟರು. ಶೌಚಾಲಯ ಗೋದಾಮಿನ ಆ ಕೊನೆಯಲ್ಲಿ, ಮೂಟೆಗಳ ಎರಡು ಸಾಲು ದಾಟಿ. ಬಂದು ಮತ್ತೆ ಇಳಿದರು. ಮತ್ತೆ ಹತ್ತಿದರು. ಆ ಬೆಳಗ್ಗೆ ಅವರು ಎಷ್ಟು ಸಲ ಹೀಗೆ ಹೋಗಿಬಂದರು ಎಂಬುದರ ಬಗ್ಗೆ ನನ್ನ ಬಳಿ ಮೂರು ಹೇಳಿಕೆಗಳಿವೆ. ಮುಳ್ಳಣ್ಣನ ಪ್ರಕಾರ ಮೂರು. ಷಡ್ಡಕನ ಪ್ರಕಾರ ಐದು. ಗೋದಾಮಿನ ಕಾವಲುಗಾರನ ಪ್ರಕಾರ ನಾಲ್ಕು. ಸರಾಸರಿಯೂ ನಾಲ್ಕೇ ಬರುವುದರಿಂದ ನಾಲ್ಕು ಎಂದಿಟ್ಟುಕೊಳ್ಳೋಣ.

ನಾಲ್ಕನೇ ಸಲ ಹಿಂತಿರುಗಿ ಬಂದಾಗ ಅವರ ಮುಖ ಸುಣ್ಣದ ಹಾಗಿತ್ತು. ಮೂರು ಮೂಲೆ ಮುಗಿದಿತ್ತು. ನಾಲ್ಕನೆಯದು ಉಳಿದಿತ್ತು. ಹೊಂಡದ ಅಂಚಿನಲ್ಲಿ ನಿಂತು ಏಣಿಯನ್ನು ನೋಡಿದರು. ಏಣಿಯ ಪಕ್ಕದಲ್ಲಿ ಷಡ್ಡಕ.

"ಅಣ್ಣ, ಕೂತ್ಕೊಳ್ಳಿ."

"ಬೇಡ."

"ಇಳಿದ್ರೆ ಹತ್ತೋಕಾಗಲ್ಲ ನಿಮ್ಗೆ. ಅರ್ಧ ಏಣೀಲಿ ಏನಾದ್ರೂ ಆದ್ರೆ ಕೆಳಗೆ ಅಲಗು ಇವೆ."

ಮುಳ್ಳಣ್ಣ ಅಂಚಿನಿಂದ ಹಿಂದೆ ಸರಿದರು. ಹತ್ತಿರದ ಮೂಟೆಯೊಂದರ ಮೇಲೆ ಕೂತರು. ಟಾರ್ಚನ್ನು ಮಾತ್ರ ಕೈಯಿಂದ ಬಿಡಲಿಲ್ಲ. ಷಡ್ಡಕ ಕೇಳದೆ ಅದನ್ನು ಮೆಲ್ಲಗೆ ಬಿಡಿಸಿಕೊಂಡು ಕೆಳಗಿಳಿದ. ಹತ್ತೊಂಬತ್ತು ವರ್ಷದಲ್ಲಿ ಮೊದಲ ಬಾರಿ ಆ ಹೊಂಡದಿಂದ ಬೇರೆಯವನ ಬೆಳಕು ಮೇಲೆ ಬಂತು. ಹಲಗೆಯ ಸಂದಿಗಳಲ್ಲಿ ಅದು ಅತ್ತಿತ್ತ ಓಡಾಡುವುದನ್ನು ಮುಳ್ಳಣ್ಣ ನೋಡುತ್ತ ಕೂತರು. ಬೆಳಕು ಅಲ್ಲಿ ಇಲ್ಲಿ ಹುಡುಕದೆ ನೇರವಾಗಿ ನಾಲ್ಕನೇ ಮೂಲೆಗೆ ಹೋಗಿ ನಿಂತಿತು. ತುಂಬ ಹೊತ್ತು ಅಲ್ಲೇ ಇತ್ತು.

"ಅಣ್ಣ" ಎಂದು ಕೆಳಗಿನಿಂದ ಧ್ವನಿ ಬಂತು. "ಈ ಅಲಗು ಒಂದು ಕಡೆ ಸವೆದಿದೆ. ಉಗುರು ಹಾಕಿದ್ರೆ ತಿಳಿಯುತ್ತೆ."

ಮುಳ್ಳಣ್ಣನಿಗೆ ಹೊಟ್ಟೆಯ ನೋವು ಒಂದು ಕ್ಷಣ ಮರೆತುಹೋಯಿತು. ಅದರ ಹಿಂದಿನ ವರ್ಷ ಅದೇ ಅಲಗನ್ನು ಒರೆಸಿ, ನೋಡಿ, ಸರಿ ಇದೆ ಎಂದು ಬರೆದವರು ಅವರೇ.

ಮಧ್ಯಾಹ್ನ ಊಟದ ಕೊಠಡಿಯಲ್ಲಿ ಇಬ್ಬರೂ ಎದುರುಬದುರು ಕೂತರು. ಷಡ್ಡಕನ ಡಬ್ಬಿ ಅಂಗೈಯಗಲ. ಮುಳ್ಳಣ್ಣ ತಮ್ಮದನ್ನು ತೆರೆಯಲಿಲ್ಲ. ಷಡ್ಡಕನೇ ಎಳೆದುಕೊಂಡು ಮುಚ್ಚಳ ತೆಗೆದ. ಎರಡು ಅಂತಸ್ತು. ಎರಡರ ತುಂಬ ಬೆಂದ ಅಲಸಂದೆ.

"ಇದೇನಣ್ಣ, ಇಲ್ಲಿ ಯಾರಾದ್ರೂ ಕುದುರೆ ಸಾಕಿದ್ದಾರಾ?"

"ನಿನ್ನ ಪಟ್ಟಿನೇ. ನಾಲ್ಕನೇ ವಾರದ ಸಾಲು. ನೂರು ಗ್ರಾಂ." ಮುಚ್ಚಿಡಲು ಅವರಲ್ಲಿ ಶಕ್ತಿ ಉಳಿದಿರಲಿಲ್ಲ.

ಷಡ್ಡಕ ಡಬ್ಬಿಯನ್ನು ಎತ್ತಿ ಅಂದಾಜು ಮಾಡಿದ. ಮಾದರಿ ಕಾಳು ತೂಗಲು ಕೊಠಡಿಯ ಮೂಲೆಯಲ್ಲಿ ಒಂದು ಎಲೆಕ್ಟ್ರಾನಿಕ್ ತಕ್ಕಡಿ ಇತ್ತು, ಅವನೇ ಕೂರಿಸಿದ್ದು. ಖಾಲಿ ತಟ್ಟೆ ಇಟ್ಟು ಸೊನ್ನೆಯ ಬಟನ್ ಒತ್ತಿ ಅಲಸಂದೆ ಸುರಿದ. ಇನ್ನೂರ ಮೂವತ್ತೆಂಟು.

"ಇದು ನೂರಾ?"

"ಒಣಗಿದ್ದು ನೂರು. ತೂಗಿದ್ದು ನಾನು."

"ಒಣಗಿದ್ದು ತೂಗಿದ್ರಾ?" ಷಡ್ಡಕ ತಟ್ಟೆಯನ್ನೂ ಮುಳ್ಳಣ್ಣನನ್ನೂ ಸರದಿಯಂತೆ ನೋಡಿದ. "ಅಣ್ಣ, ಅವಳು ಬರೆದಿದ್ದು ಬೇಯಿಸಿ ತಟ್ಟೇಲಿ ಹಾಕಿದ್ದಕ್ಕೆ. ತಟ್ಟೆ ಇಡೋದು, ಸೊನ್ನೆ ಒತ್ತೋದು, ಬಡಿಸೋದು."

"ಒದ್ದೆ ಮಾಲು ತೂಗಿದ್ರಾ ನೀವು?"

"ತಿನ್ನೋದು ಒದ್ದೇನೇ ಅಲ್ವಾ ಅಣ್ಣ. ಒಣಗಿದ್ದು ತಿನ್ನೋಕೆ ನಾವೇನು ಪಾರಿವಾಳಾನಾ?"

ಮುಳ್ಳಣ್ಣ ನಗಲಿಲ್ಲ. ಮನಸ್ಸಿನಲ್ಲೇ ಗುಣಿಸಿದರು. ದಿನಕ್ಕೆ ಅರ್ಧ ಕೆಜಿಗೆ ಹತ್ತಿರ. ಹತ್ತು ದಿನ. ಸುಮಾರು ಐದು ಕೆಜಿ.

"ನಾನು ಅಷ್ಟು ತಿಂದಿದ್ರೆ ಸತ್ತೇ ಹೋಗ್ತಿದ್ದೆ" ಅಂದ ಷಡ್ಡಕ. "ಬೇಯಿಸಿದ ಅರವತ್ತಕ್ಕೇ ಮೂರನೇ ವಾರ ಎರಡು ಸಲ ಬಸ್ಸು ನಿಲ್ಲಿಸಿ ಇಳಿದಿದ್ದೀನಿ. ಒಂದು ಸಲ ಯಾರದೋ ಮನೆ ಬಾಗಿಲು ತಟ್ಟಿದೆ, ಗುರುತಿಲ್ಲ ಪರಿಚಯ ಇಲ್ಲ. ಪುಣ್ಯಾತ್ಮರು ಒಳಗೆ ಬಿಟ್ರು. ಆಮೇಲೆ ವಾಪಸ್ ನಲವತ್ತಕ್ಕೆ ಇಳಿದೆ."

"ಹನ್ನೆರಡನೇ ದಿನ ಸೇಬು ತಿಂದ್ಕೊಂಡು ಬಂದಿದ್ದೆಯಲ್ಲ."

"ಅರ್ಧ. ಇನ್ನರ್ಧ ತಿನ್ನೋಕಾಗದೆ ನಿಮ್ಮ ಕಸದ ಬುಟ್ಟಿಗೇ ಹಾಕಿದ್ದೆ. ನೀವು ನೋಡ್ಲಿಲ್ವಾ?"

ನೋಡಿರಲಿಲ್ಲ. ಷಡ್ಡಕ ತಿಂದಿದ್ದ ಅರ್ಧವನ್ನು ನಾಲ್ಕು ತಿಂಗಳು ನೆನಪಿಟ್ಟುಕೊಂಡವರು, ತಮ್ಮ ಕಾಲಬುಡದ ಬುಟ್ಟಿಯಲ್ಲಿದ್ದ ಇನ್ನರ್ಧವನ್ನು ನೋಡಿರಲಿಲ್ಲ.

ಇದನ್ನು ಕೇಳಿ ಮನಸ್ಸು ಹಗುರಾಗಬೇಕಿತ್ತು. ಸೇಬಿನ ಮಟ್ಟಿಗೆ ಆಯಿತು ಕೂಡ. ಆದರೆ ಇನ್ನೊಂದು ಕಡೆಯ ತಟ್ಟೆಯಲ್ಲಿ ನಾಲ್ಕನೇ ಅಲಗು ಕೂತಿತ್ತು, ಅದು ಇನ್ನೂ ಭಾರವಾಗಿತ್ತು. ಮುಳ್ಳಣ್ಣ ಹನ್ನೊಂದು ವರ್ಷದಲ್ಲಿ ಷಡ್ಡಕನನ್ನು ಕೆಲಸದ ವಿಷಯವಾಗಿ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ. ನೀರು ಕುಡಿದು, ಲೋಟ ಕೆಳಗಿಟ್ಟು ಕೇಳಿದರು.

"ನೀನು ಆ ಹೊಂಡಕ್ಕೆ ಇಳಿದಿದ್ದು ಇವತ್ತೇ ಮೊದಲು. ನೆಟ್ಟಗೆ ನಾಲ್ಕನೇ ಮೂಲೆಗೆ ಹೋದೆ. ಹೇಗೆ ಗೊತ್ತಾಯ್ತು?"

ಷಡ್ಡಕ ಡಬ್ಬಿಯ ಮುಚ್ಚಳವನ್ನು ಸುಮ್ಮನೆ ತಿರುಗಿಸಿದ. ಅವನು ನಗದೆ ಇದ್ದದ್ದನ್ನು ಮುಳ್ಳಣ್ಣ ನೋಡಿದ್ದು ಅಪರೂಪ.

"ನಿಮ್ಮ ನೋಟ್‌ಬುಕ್ಕಲ್ಲೇ ಇತ್ತು. ನೀವು ಬರೆದಿದ್ದೇ. ನಾಲ್ಕನೇ ಮೂಲೇಲಿ ಮುಳ್ಳು ಒಂದು ಗೆರೆ ಹೆಚ್ಚು, ಆಮೇಲೆ ಒಂದೂವರೆ, ಆಮೇಲೆ ಎರಡು. ಪ್ರತಿ ವರ್ಷವೂ ಮಿತಿಯೊಳಗೇ ಇದೆ. ಆ ವರ್ಷದ್ದು ಆ ವರ್ಷ ನೋಡಿದ್ರೆ ಸರಿಯಾಗೇ ಕಾಣುತ್ತೆ. ಹತ್ತೊಂಬತ್ತೂ ಒಟ್ಟಿಗೆ ಓದಿದ್ರೆ ಮಾತ್ರ ಏರ್ತಾ ಹೋಗಿರೋದು ಗೊತ್ತಾಗುತ್ತೆ."

"ನನ್ನ ನೋಟ್‌ಬುಕ್ಕು ನನ್ನ ಮೇಜಿನ ಡ್ರಾಯರಲ್ಲಿರುತ್ತೆ."

"ಹೌದು."

"ಯಾವಾಗ ತೆಗೆದೆ?"

"ನೀವು ಆಸ್ಪತ್ರೇಲಿದ್ದಾಗ. ಹನ್ನೊಂದು ವರ್ಷ ಆಯ್ತಣ್ಣ ಬಂದು. ಹೊಂಡದ ಹತ್ರ ಬಿಟ್ಟಿಲ್ಲ ನೀವು. ಒಂದು ದಿನ ಆದ್ರೂ ನನಗೆ ಬರಬಹುದು ಅಂತ, ಓದಿಟ್ಕೊಂಡೆ."

"ಕೇಳದೆ."

"ನೀವು ನಮ್ಮ ಫ್ರಿಜ್ಜು ಕೇಳಿ ನೋಡಿದ್ರಾ?"

ಹೊರಗೆ ಲಾರಿಯೊಂದು ಹಾರ್ನ್ ಹೊಡೆದು ಹೋಯಿತು. ಮುಳ್ಳಣ್ಣ ಇನ್ನೇನೋ ಹೇಳಹೊರಟವರು ಹೊಟ್ಟೆ ಹಿಡಿದುಕೊಂಡು ಎದ್ದರು. ಅದನ್ನೂ ಸೇರಿಸಿದರೆ ಆ ದಿನದ ಸಂಖ್ಯೆ ಐದಾಗುತ್ತದೆ. ಷಡ್ಡಕನ ಹೇಳಿಕೆ ಇದನ್ನೂ ಒಳಗೊಂಡಿರಬಹುದು.

ಸವೆದ ಅಲಗನ್ನು ಬದಲಾಯಿಸಲು ಒಂದು ವಾರ ಹಿಡಿಯಿತು. ಅದನ್ನು ಕಡೆದು, ಮಸೆದು, ಸರಿಯಾದ ಕೋನಕ್ಕೆ ತಂದವರು ಮುಳ್ಳಣ್ಣ. ಷಡ್ಡಕನಿಗೆ ಆ ಕೈ ಬರುವುದಿಲ್ಲ. ಅವನು ಪಕ್ಕದಲ್ಲಿ ನಿಂತು ನೋಡಿದ. ಮುಳ್ಳಣ್ಣ ಅವನಿಗೆ ಬೆನ್ನು ತೋರಿಸಿ ಕೂರಲಿಲ್ಲ.

ಡಾಕ್ಟರಮ್ಮ ವಿಷಯ ಕೇಳಿ ಬೈದರು. ಮೂರು ದಿನ ಕಾಳು ಪೂರ್ತಿ ನಿಲ್ಲಿಸಿ, ಮೆತ್ತಗಿನ ಊಟ ಮಾಡಿ, ಮತ್ತೆ ಮೊದಲಿನಿಂದ ಶುರುಮಾಡಲು ಹೇಳಿದರು. ಈಗ ಅವರ ಅಡುಗೆಮನೆಯ ಗೋಡೆಗೂ ಒಂದು ಪಟ್ಟಿ ಬಂದಿದೆ, ನಾದಿನಿಯೇ ಬರೆದುಕೊಟ್ಟದ್ದು. ಪ್ರತಿ ಸಾಲಿನಲ್ಲೂ 'ಬೇಯಿಸಿದ ಮೇಲೆ' ಎಂದಿದೆ. ಮುಳ್ಳಣ್ಣ ಮಾವನಿಗೆ ಮನಸ್ಸಿನಲ್ಲೇ ಕ್ಷಮೆ ಕೇಳಿಕೊಂಡು, ಬೆಂದ ಕಾಳನ್ನು ಚೆನ್ನಾಗಿ ಬಸಿದು ತೂಗುತ್ತಾರೆ. ಬಸಿದ ಮೇಲೂ ಬಟ್ಟೆಯಿಂದ ಒಮ್ಮೆ ಒತ್ತುತ್ತಾರೆ ಎಂದು ಅವರ ಹೆಂಡತಿ ದೂರುತ್ತಾರೆ.

ಮೊನ್ನೆ ನಮ್ಮ ತಕ್ಕಡಿ ಸರಿನೋಡಲು ಬಂದಾಗ ಅವರು ಕಪ್ಪು ನೋಟ್‌ಬುಕ್ಕನ್ನು ತೆರೆದು ತೋರಿಸಿದರು. ಇಪ್ಪತ್ತನೇ ವರ್ಷದ ಪುಟ. ಮೊದಲ ಮೂರು ಮೂಲೆಗಳ ಅಂಕಿ ಅವರ ಕೈಬರಹ, ಚೂಪಾಗಿ, ಬಲಕ್ಕೆ ವಾಲಿದ್ದು. ನಾಲ್ಕನೇ ಮೂಲೆಯದು ಬೇರೆ ಶಾಯಿಯಲ್ಲಿ, ಬೇರೆ ಕೈಯಲ್ಲಿ.

"ಅವನ ಹತ್ರಾನೇ ಬರೆಸಿದೆ" ಅಂದರು. "ಕಂಡುಹಿಡಿದವನು ಬರೀಬೇಕಲ್ಲ."

"ಒಳ್ಳೇದಾಯ್ತು" ಅಂದೆ.

ಅವರು ಪುಟವನ್ನು ಬೆಳಕಿಗೆ ಹಿಡಿದು ಸ್ವಲ್ಪ ಹೊತ್ತು ನೋಡಿದರು. ತಕ್ಕಡಿಯ ಮುಳ್ಳು ನಿಲ್ಲುವುದನ್ನು ಕಾಯುವಾಗಿನ ಅದೇ ಮುಖ.

"ಅಂಕಿ ನೋಡಿ ಎಷ್ಟು ದುಂಡಾಗಿ ಬರೀತಾನೆ" ಅಂದರು. "ಇಷ್ಟು ವರ್ಷ ಇದನ್ನೊಂದು ನಾನು ನೋಡಿರ್ಲಿಲ್ಲ."